ಒಂಬತ್ತು ಚುಕ್ಕಿ

ವಸುಮತಿ ಟೀಚರ್ ನಾವು ಆಡಿದ ಮಾತನ್ನಷ್ಟೇ ಬರೆದುಕೊಳ್ಳುತ್ತಿರಲಿಲ್ಲ, ಸುಮ್ಮನಿದ್ದುದನ್ನೂ ಬರೆದುಕೊಳ್ಳುತ್ತಿದ್ದರು. ಮಾತು ನಿಂತಲ್ಲಿ ಸೆಕೆಂಡಿಗೊಂದು ಚುಕ್ಕಿ. ಕೆಮ್ಮಿದರೆ ‘ಕೆಮ್ಮು’, ನಕ್ಕರೆ ‘ನಗು’. ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಹತ್ತು ಸಲ ಕೇಳಿ, ಕನ್ನಡಕ ಹಣೆಗೇರಿಸಿಕೊಂಡು ಗೆರೆ ಎಳೆದ ಪುಸ್ತಕದಲ್ಲಿ ಇಳಿಸುತ್ತಿದ್ದರು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬಾವಿ ತೋಡಲು ಇಳಿದವನು. ಕಡಲ ಬದಿಯ ನಮ್ಮ ಕೋಡಿಯ ಹೊಯ್ಗೆಯಲ್ಲಿ, ಆ ಸಡಿಲ ಮರಳಿನಲ್ಲಿ, ಕುಸಿಯದ ಬಾವಿ ಬೇಕಾದರೆ ಸೀನನನ್ನೇ ಕರೆಯಬೇಕೆಂಬ ಹೆಸರಿದೆ. ಟೀಚರ್ ಶಂಕರನಾರಾಯಣದ ಕಡೆಯವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿ ತಲ್ಲೂರಿನಲ್ಲಿದ್ದರು. ಅವರು ನನ್ನನ್ನು ಹುಡುಕಿಕೊಂಡು ಬಂದಾಗ ಬಾವಿ ಕೆಲಸಕ್ಕೇ ಅಂದುಕೊಂಡೆ.

“ಬಾವಿ ಬ್ಯಾಡ ಸೀನಣ್ಣ, ಬಾವಿ ಬಗ್ಗೆ ಮಾತ್ ಬೇಕ್.”

“ಮಾತಲ್ ನೀರ್ ಬತ್ತಾ ಟೀಚರೇ?”

“ಬಪ್ಪು ನೀರ್ ಮಾತಲ್ಲೇ ನಿಂತ್ ಹೋಪ್ದೂ ಇತ್ತ್, ಕಾಣಿ.”

ವಿಜ್ಞಾನಿಗಳು ಹೇಗೆ ಮಾತಾಡುತ್ತಾರೆ, ಹೇಗೆ ಬರೆಯುತ್ತಾರೆ ಎಂಬುದೇ ಟೀಚರ್ ಮಾಡುತ್ತಿದ್ದ ಅಧ್ಯಯನ. ಇದೂ ಒಂದು ಕೆಲಸವೇ ಎಂದು ಮೊದಲು ನನಗೆ ನಗು. ಅವರು ಮಾತ್ರ ಕಟ್ಟೆಯ ಮೇಲೆ ಕುಳಿತು ತಾಳ್ಮೆಯಿಂದ ಹೇಳುತ್ತಿದ್ದರು: “ವರದಿ ಬರೂವತ್ತಿಗೆ ಅವ್ರ್ ಮನ್ಷ್ರೇ ಅಲ್ಲ. ಯಂತ್ರ ತೋರ್ಸ್ತ್, ಪರೀಕ್ಷೆ ಹೇಳ್ತ್. ಚಾ ಕುಡೂವತ್ತಿಗೆ ಕೇಣಿ: ಅವತ್ ಸೆಕೆ ಇತ್ತ್, ಬಸ್ಸಿಗ್ ಹೊತ್ತಾಯ್ತ್, ಬೇಗ ಮುಗ್ಸಿದ್ವ್ ಅಂಬ್ರ್. ಬೇರೆಯವ್ರ್ ತಪ್ಪಾರೆ ಅದ್ ಅವ್ರ್ ಗುಣ, ತಮ್ದ್ ಸರಿಯಾರೆ ಅದ್ ಸತ್ಯ.” ನಗಾಡಿ ಸೇರಿಸುತ್ತಿದ್ದರು: “ಅವ್ರ್ ಮಾತ್ರ ಅಲ್ಲ, ನಾವೆಲ್ಲ ಹಾಂಗೆ.”

ಅವರು ಆಗ ಅಧ್ಯಯನಕ್ಕೆ ಹಿಡಿದಿದ್ದದ್ದು ನೀರು ಪರೀಕ್ಷೆಯವರು ನಮ್ಮ ಬೀದಿಯ ಬಾವಿಗಳ ಬಗ್ಗೆ ಬರೆದ ವರದಿ. ಅದರಲ್ಲಿ ಒಂದು ಸಾಲು: ‘ಬಾವಿಗಳ ತಳದಿಂದ ನೀರು ಸಂಗ್ರಹಿಸಿ ಪರೀಕ್ಷಿಸಲಾಗಿದೆ, ಕುಡಿಯಲು ಯೋಗ್ಯವಾಗಿದೆ.’ ಆ ಸಾಲನ್ನು ತೋರಿಸಿಯೇ ಕಚೇರಿಯವರು ನಮ್ಮ ಬೀದಿಯ ನಳ್ಳಿ ನೀರಿನ ಅರ್ಜಿಯನ್ನು ತಳ್ಳಿಹಾಕಿದ್ದರು. ನಿಜವೆಂದರೆ ಫೆಬ್ರವರಿ ದಾಟಿದರೆ ಆ ಬಾವಿಗಳ ನೀರು ಮೇಲಿನಿಂದ ತಳದವರೆಗೂ ಉಪ್ಪು. ನೆರೆಮನೆಯ ಗಿರಿಜಕ್ಕ ದಿನಾ ಎರಡು ಕೊಡಪಾನ ಹಿಡಿದು ದೂರದ ನಳ್ಳಿಗೆ ಹೋಗುವಾಗ ನನಗೆ ಕೇಳುವಂತೆ ಹೇಳುತ್ತಿದ್ದಳು: “ಹ್ವಾಯ್ ಸೀನಣ್ಣ, ನಿನ್ ಬಾವಿ ಇಪ್ಪುದ್ರಿಂದ ಗಂಜಿಗ್ ಉಪ್ಪಿನ್ ಖರ್ಚಿಲ್ಲ ಮಾರಾಯ!”

ಟೀಚರ್ ಮೊಬೈಲನ್ನು ಕಟ್ಟೆಯ ಮೇಲಿಟ್ಟರು. “ನೀವ್ ಹೇಳಿದ್ದನ್ನ ನಿಮ್ಮನ್ ಕೇಣ್ದೆ ಯಾರಿಗೂ ಹೇಳುದಿಲ್ಲ,” ಎಂದು ಮಾತು ಕೊಟ್ಟರು. ಆಮೇಲೆ ಕೇಳಿದರು: “ಅವತ್ ನೀರ್ ಪರೀಕ್ಷೆಗೆ ಬಾವಿಗ್ ಬಾಟ್ಲಿ ಇಳ್ಸಿದ್ದ್ ಯಾರ್?”

“ಅವ್ರೇ,” ಎಂದೆ.

ಇಳಿಸಿದವನು ನಾನು. ಜನವರಿಯಲ್ಲಿ ಬಂದಿದ್ದ ಪರೀಕ್ಷೆಯವರು ತೆಂಗಿನ ನೆರಳಲ್ಲಿ ನಿಂತು, ಕಲ್ಲು ಕಟ್ಟಿದ ಬಾಟಲಿಯನ್ನು ನನ್ನ ಕೈಗೆ ಕೊಟ್ಟಿದ್ದರು. ತಳ ಮುಟ್ಟಿದ ಮೇಲೆ ಬಿರಡೆಯ ದಾರ ಎಳೆಯಬೇಕು ಎಂದಿದ್ದರು. ನಮ್ಮ ಹೊಯ್ಗೆ ಬಾವಿಗಳಲ್ಲಿ ಫೆಬ್ರವರಿಯವರೆಗೆ ಸಿಹಿನೀರು ಮೇಲೆ ತೇಲುತ್ತದೆ, ಉಪ್ಪು ಅಡಿಯಲ್ಲಿರುತ್ತದೆ. ಅದಕ್ಕೇ ಕೋಡಿಯಲ್ಲಿ ಯಾರೂ ಕೊಡಪಾನ ಮುಳುಗಿಸಿ ಸೇದುವುದಿಲ್ಲ; ಮೆಲ್ಲಗೆ ವಾರೆ ಮಾಡಿ ಮೇಲಿನ ನೀರನ್ನು ತುಂಬಿಕೊಳ್ಳುತ್ತೇವೆ. ಅಪ್ಪಯ್ಯ ಕಲಿಸಿದ್ದು ಅದನ್ನೇ. ನನ್ನ ಕೈ ಅಭ್ಯಾಸದಂತೆ ಮೇಲೆಯೇ ದಾರ ಎಳೆಯಿತು. ಮೊದಲ ಬಾವಿಯಲ್ಲಿ ಅದು ಅಭ್ಯಾಸ. ಉಳಿದ ಆರರಲ್ಲಿ ಅಲ್ಲ. ಏಳೂ ನಾನು ತೋಡಿದ ಬಾವಿಗಳು. ಹೊರಗಿನವರ ಪುಸ್ತಕದಲ್ಲಿ ಅವು ಉಪ್ಪೆಂದು ಸೇರುವುದು ನನಗೆ ಬೇಡವಾಗಿತ್ತು. ನಳ್ಳಿಯ ಯೋಚನೆ ಆಗ ತಲೆಗೇ ಬರಲಿಲ್ಲ.

ವಾರದ ನಂತರ ಟೀಚರ್ ಪುಸ್ತಕ ತಂದು ತೋರಿಸಿದರು. ಅವರ ಪ್ರಶ್ನೆಗೂ ನನ್ನ ‘ಅವ್ರೇ’ಗೂ ನಡುವೆ ಒಂಬತ್ತು ಚುಕ್ಕಿ.

“ನಾ ಸುಳ್ ಹೇಳ್ತೆ ಅಂದೇಳಿಯಾ?” ಸಿಟ್ಟಿನಲ್ಲಿ ನನ್ನ ದನಿ ಏರಿತು.

“ಹಾಂಗ್ ನಾ ಹೇಳ್ಲಿಲ್ಲ. ಹೇಳ್ಕಾರೆ ನೀವೇ ಹೇಳ್ಕ್.” ಆಮೇಲೆ ಕುಡಿಯಲು ನೀರು ಕೇಳಿದರು. ಏಪ್ರಿಲ್ ತಿಂಗಳು, ನನ್ನದೇ ಬಾವಿಯ ನೀರು. ಮುಖ ಕಿವಿಚದೆ ಲೋಟ ಖಾಲಿ ಮಾಡಿ, ಕವುಚಿ ಇಟ್ಟು ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರೆಂದು ತಿಳಿದು ತಲ್ಲೂರಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ತೀರಾ ಇಳಿದಿದ್ದರು. “ಇವತ್ ಮೊಬೈಲ್ ಇಲ್ಲ ಸೀನಣ್ಣ, ಧೈರ್ಯದಲ್ ಮಾತಾಡಿ,” ಎಂದು ನಕ್ಕರು. ನಾನು ಮೀನಿನ ರೇಟು, ಹೆದ್ದಾರಿಯ ಹೊಂಡ, ಸೊಸೆಯ ಹೆರಿಗೆ, ಎಲ್ಲ ಮಾತಾಡಿದೆ. ಅದೊಂದನ್ನು ಬಿಟ್ಟು. ಹೊರಟಾಗ “ಬರ್ತ್ರಿಯಲ್ದಾ ಇನ್ನೊಂದ್ಸಲ?” ಎಂದರು. ಇನ್ನೊಂದು ಸಲ ಹೋದದ್ದು ಅವರನ್ನು ಹೊರಲು.

ಟೀಚರ್ ಮಾತು ಮುರಿಯಲಿಲ್ಲ. ಊಹಿಸಿದ್ದನ್ನು ಯಾರಿಗೂ ಹೇಳದೆ ಹೋದರು. ಈಗ ಆ ಬಾಟಲಿಗೆ ಮೇಲಿನ ನೀರು ತುಂಬಿದ್ದು ಗೊತ್ತಿರುವವನು ಭೂಮಿಯ ಮೇಲೆ ನಾನೊಬ್ಬನೇ ಎಂಬುದು ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ.

ಮೊನ್ನೆ ಗಿರಿಜಕ್ಕ ಮತ್ತೆ ಅರ್ಜಿ ಹಿಡಿದು ಕಚೇರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮೇಜಿನ ಹಿಂದಿನವರು ಅದೇ ವರದಿ ತೆಗೆದು, ಅದೇ ಸಾಲಿಗೆ ಬೆರಳಿಟ್ಟರು. ಅದು ಸುಳ್ಳು ಎಂದ ಗಿರಿಜಕ್ಕನಿಗೆ ಅವರು ಗದರಿದರು: “ತಳದ್ ನೀರ್ ಅಂದೇಳಿ ಬರ್ದಿತ್ತಲೆ. ಅಲ್ಲ ಅಂಬುಕೆ ಅವತ್ ಬಾಟ್ಲಿ ಇಳ್ಸಿದ್ದ್ ನೀವಾ?”

ಗಿರಿಜಕ್ಕ ನನ್ನ ಮುಖ ನೋಡಿದಳು. ಫ್ಯಾನು ತಿರುಗುತ್ತಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೋ, ಚುಕ್ಕಿ ಇಡಲು ಟೀಚರ್ ಇರಲಿಲ್ಲ.

“ಹೌದ್,” ಎಂದೆ, “ನಾನೇ.”