ಮಸಾಲೆ ಡಬ್ಬಿಯ ಶಿಸ್ತು

ಮನೆಯಲ್ಲಿ ರಿಮೋಟು ಕೆಡಲಿ, ಗಡಿಯಾರ ನಿಲ್ಲಲಿ, ನವನಗರದ ನಿವೃತ್ತ ಏಕನಾಥರಾಯರು ಮೊದಲು ಬಿಚ್ಚುವುದು ತಮ್ಮ ಡಬ್ಬಿಯನ್ನು. ಅದು ಸಾಲಿಗೆ ಪಾಠ ಹೇಳಲು ಹೋಗುವ ಹೆಂಡತಿ ಮೃಣಾಲಿನಿಬಾಯಿಯವರ ಹಳೇ ಮಸಾಲೆ ಡಬ್ಬಿ. ಈಗ ಅದರ ಬಟ್ಟಲುಗಳ ತುಂಬ ಸ್ಕ್ರೂಡ್ರೈವರಿಗೆ ಸಿಕ್ಕಿಸುವ ಸಣ್ಣ ಬಿಟ್‌ಗಳು, ಒಂದೊಂದಕ್ಕೂ ಇರುವೆ ಸಾಲಿನಂಥ ಅಕ್ಷರದ ಚೀಟಿ. "ಶಿಸ್ತು ಅಂದ್ರ ಹಿಂಗಿರಬೇಕ್ರಿ, ಕಣ್ಣು ಮುಚ್ಚಿ ಕೈ ಹಾಕಿದ್ರೂ ಸಿಗಬೇಕು," ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ, ರಿಮೋಟು ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತದೆ. "ನಾ ರಿಪೇರಿ ಮಾಡಾಂವ ಅಲ್ರಿ, ಡಬ್ಬಿ ಕಾಯಾಂವ," ಎಂದು ತಾವೇ ನಗುತ್ತಾರೆ. ಮೊನ್ನೆ ಅವರು ಕಣ್ಣಿಗೆ ಹಾಕುವ ಚಾಳೀಸಿನ ಕಡ್ಡಿಯೇ ಕಳಚಿತು. ಸ್ಕ್ರೂ ಬಿಗಿಯಲು ಬಿಟ್ ಬೇಕು, ಬಿಟ್ ಹುಡುಕಲು ಚೀಟಿ ಓದಬೇಕು, ಚೀಟಿ ಓದಲು ಚಾಳೀಸು ಬೇಕು. ಸಾಲಿಗೆ ಹೊರಟಿದ್ದ ಬಾಯಿಯವರು ಚಪ್ಪಲಿ ಮೆಟ್ಟುತ್ತಲೇ, "ಚಾಳೀಸಿಂದು ಸಾಸಿವಿ ಬಟ್ಟಲದೊಳಗ ಅದ ನೋಡ್ರಿ," ಎಂದರು. "ನಿನಗ ಹೆಂಗ ಗೊತ್ತು?" "ದಿನಾ ನೀವು ಹರವಿಟ್ಟು ಎದ್ದು ಹೋಗ್ತೀರಿ. ಸಂಜಿಗೆ ತುಂಬಿಡಾಕಿ ನಾನ ಅಲ್ಲೇನ್ರಿ?" ಈಗಲೂ ರಾಯರು ಡಬ್ಬಿ ತೋರಿಸುತ್ತಾರೆ. ಯಾರಾದರೂ ಶಿಸ್ತು ಹೊಗಳಿದರೆ ಮಾತ್ರ ಗೇಟಿನ ಕಡೆ ನೋಡಿ ಹೇಳುತ್ತಾರೆ: "ಶಿಸ್ತು ಈಗ ಸಾಲಿಗೆ ಹೋಗ್ಯದರಿ, ಸಂಜಿಗೆ ಬರ್ತದ."