ಸಿಯೋನೆ ಗೆಲ್ಲುತ್ತ ಹೋದ ಮಧ್ಯಾಹ್ನ

ಆ ಭಾನುವಾರ ಏನಾಯಿತು ಎಂದು ಖಚಿತವಾಗಿ ಹೇಳುವ ಅರ್ಹತೆ ನನಗಿಲ್ಲ. ನಾನು ಅಲ್ಲೇ ಇದ್ದೆ. ಎಡೆಬಿಡದೆ ಮಾತಾಡುತ್ತಲೂ ಇದ್ದೆನಂತೆ. ಆದರೆ ಆ ಮಧ್ಯಾಹ್ನದ ಕೆಲವು ಗಂಟೆಗಳು ನನ್ನ ಬಳಿ ಇಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ನನ್ನ ಹೆಂಡತಿ ಸುಮಂಗಲಾ ಹೇಳಿದ್ದು, ಉಳಿದದ್ದು ಸಿಯೋನೆ ಹೇಳಿದ್ದು. ಇಬ್ಬರ ಮಾತೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ಪುರಾವೆಯಿಲ್ಲದೆ ಏನನ್ನೂ ಒಪ್ಪದ ನನ್ನಂಥವನಿಗೆ ಇದು ತಕ್ಕ ಶಿಕ್ಷೆ.

ಸಿಯೋನೆ ಟೋಂಗಾದವನು. ಪೆಸಿಫಿಕ್ ಸಾಗರದಲ್ಲಿ, ನಮ್ಮ ಕಡೆಯ ಒಂದು ಸಣ್ಣ ತಾಲೂಕಿನಷ್ಟು ಜನ ಇರುವ ದೇಶ ಅದು. ಫುಟ್‌ಬಾಲ್ ಆಡಲೆಂದು ಆಸ್ಟಿನ್‌ನ ಒಂದು ಕಾಲೇಜಿಗೆ ಬಂದ. ಹೂಸ್ಟನ್‌ನ ಸಣ್ಣ ಕ್ಲಬ್ಬೊಂದರಲ್ಲಿ ಕೆಲವು ವರ್ಷ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಸೌತ್‌ಲೇಕ್ ಎಂಬ ಊರಲ್ಲಿ ಮಕ್ಕಳಿಗೆ ಕೋಚ್ ಆದ. ಭಾನುವಾರ ಮಾತ್ರ ಪಕ್ಕದೂರು ಫಾರ್ಮರ್ಸ್ ಬ್ರಾಂಚ್‌ನ ಪಾರ್ಕಿನಲ್ಲಿ, ಹೊಟ್ಟೆ ಬಂದ ನಮ್ಮಂಥವರ ಜೊತೆ ಆಡುತ್ತಾನೆ. ಅವನು ಹಿಂದೆ ತನ್ನ ದೇಶದ ತಂಡದಲ್ಲಿದ್ದ ಎಂದು ಆವತ್ತು ಬೆಳಿಗ್ಗೆಯಷ್ಟೇ ಯಾರೋ ಹೇಳಿದ್ದರು. ನಾನು ನಂಬಿರಲಿಲ್ಲ.

ಕಳೆದ ಜೂನ್. ಆಟ ಮುಗಿದಿತ್ತು. ಬಿಸಿಲಿಗೆ ನೆಲ ಕಾದ ಕಾವಲಿಯಾಗಿತ್ತು. ಕೂಲರ್ ಡಬ್ಬ ಎತ್ತಿ ಅದರಲ್ಲಿದ್ದ ಐಸ್ ನೀರನ್ನೆಲ್ಲ ತಲೆಗೆ ಸುರಿದುಕೊಂಡೆ. ನೀರು ಬೆನ್ನಿಗಿಳಿದದ್ದು ನೆನಪಿದೆ.

ಆಮೇಲೆ ಏನೂ ಇಲ್ಲ.

ಒಂದು ಶೂ ಬಿಚ್ಚಿ, "ಇದು ಯಾವ ಊರು?" ಎಂದೆನಂತೆ. ಸಿಯೋನೆ ತಮಾಷೆ ಎಂದುಕೊಂಡ. ಮತ್ತೆ ಕೇಳಿದೆ. ಮತ್ತೂ ಕೇಳಿದಾಗ ಅವನು ನನ್ನ ಕಾರಿನ ಕೀ ಕಿತ್ತುಕೊಂಡು, ಎದುರು ರಸ್ತೆಯಲ್ಲೇ ಇದ್ದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದ. ಸುಮಂಗಲಾ ಓಡಿ ಬಂದಾಗ ನಾನು ಅವಳ ಗುರುತು ಹಿಡಿದೆ, ನಕ್ಕೆ. "ನಾವು ಆಸ್ಟಿನ್‌ನಿಂದ ಇಲ್ಲಿಗೆ ಯಾಕೆ ಬಂದಿದ್ದೀವಿ?" ಎಂದು ಕೇಳಿದೆ.

ನಾವು ಆಸ್ಟಿನ್ ಬಿಟ್ಟು ಆರು ವರ್ಷವಾಗಿತ್ತು.

ಸಿಟಿ ಸ್ಕ್ಯಾನ್ ಆಯಿತು, ಎಂಆರ್‌ಐ ಆಯಿತು. ಸ್ಟ್ರೋಕ್ ಅಲ್ಲ. ನ್ಯೂರಾಲಜಿಸ್ಟ್ ಇದಕ್ಕೆ ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೇಸಿಯಾ ಎಂದರು; ಹಠಾತ್ತನೆ ತಣ್ಣೀರು ಸುರಿದುಕೊಂಡರೂ ಬರಬಹುದಂತೆ. ಹೊಸದೇನೂ ತಲೆಯಲ್ಲಿ ನಿಲ್ಲುವುದಿಲ್ಲ, ಕೆಲವು ನಿಮಿಷದಲ್ಲಿ ಅಳಿಸಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ಸರಿಹೋಗುತ್ತದೆ. ಆ 'ಸಾಮಾನ್ಯವಾಗಿ' ಎಂಬ ಮಾತು ಸುಮಂಗಲಾಳ ಎದೆಯಲ್ಲಿ ಮುಳ್ಳಿನಂತೆ ನಟ್ಟಿತು. ಸರಿಹೋಗದಿದ್ದರೆ? ಇವರು ಜೀವನವಿಡೀ ಐದೈದು ನಿಮಿಷದ ಗಂಡನಾಗಿಬಿಟ್ಟರೆ?

ನಾನು ಮಾತ್ರ ಖುಷಿಯಾಗಿದ್ದೆನಂತೆ. ಊರು ಬಿಟ್ಟದ್ದು ಮರೆತಿದ್ದರೂ ಬೆಳಿಗ್ಗೆ ಕೇಳಿದ ಮಾತೊಂದು ಹೇಗೋ ಉಳಿದಿತ್ತು; ಸಿಯೋನೆಯನ್ನು ನೋಡಿ ಕೇಳಿದೆ: "ನೀನು ದೇಶಕ್ಕೆ ಆಡಿದ್ದೀಯಂತೆ, ನಿಜವಾ?"

ಅವನು ಹೇಳಿದ. ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವ ಆಟಗಾರ ಆಗಿದ್ದ. ದೊಡ್ಡ ದೇಶವೊಂದರ ಎದುರು ಆಡಿ ಹತ್ತು ಗೋಲಿನಿಂದ ಸೋತರು. ನಾನು ಹೊಟ್ಟೆ ಹಿಡಿದು ನಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದೆ: "ನೀನು ದೇಶಕ್ಕೆ ಆಡಿದ್ದೀಯಂತೆ?" ಅವನು ಮತ್ತೆ ಹತ್ತು ಗೋಲಿನಿಂದ ಸೋತ. ಅದರ ಮುಂದಿನ ಸಲ ಎಂಟರಿಂದ ಸೋತ. ಆಮೇಲೆ ಆರರಿಂದ.

"ಕೋಚ್, ಆಗಲೇ ಹತ್ತು ಅಂದಿರಲ್ಲ?" ಎಂದಳು ಸುಮಂಗಲಾ.

"ನಿಮ್ಮ ಗಂಡ ಒಂದು ಆಫ್‌ಸೈಡ್ ತೀರ್ಪಿಗೆ ಅರ್ಧ ಗಂಟೆ ಜಗಳ ಆಡೋ ಮನುಷ್ಯ," ಎಂದ ಸಿಯೋನೆ. "ನನ್ನ ಸುಳ್ಳನ್ನ ಹಿಡಿದರೆ ಹುಷಾರಾದ ಅಂತ ಅರ್ಥ. ಕಾಯೋಣ."

ಅವಳು ಡಾಕ್ಟರ ಮಾತಿಗಿಂತ ಇದನ್ನು ನೆಚ್ಚಿದಳು. ಪ್ರತಿ ಸಲ ಅವನು ಕಥೆ ಶುರು ಮಾಡಿದಾಗ ನನ್ನ ಮುಖವನ್ನೇ ನೋಡುತ್ತ ಕೂತಳು. ಪ್ರತಿ ಸಲವೂ ನಾನು ಒಪ್ಪಿಕೊಂಡೆ. ಸೋಲು ಮೂರಕ್ಕಿಳಿಯಿತು, ಪಂದ್ಯ ಡ್ರಾ ಆಯಿತು. ಡ್ರಿಪ್ ನೋಡಲು ಬಂದ ನರ್ಸ್ ಕೂಡ ನಿಂತು ಕೇಳಿದಳು. ಕೊನೆಗೆ ಟೋಂಗಾ ಗೆದ್ದಿತು, ಸಿಯೋನೆಯ ಗೋಲಿನಿಂದ. ನಾನು ಎದ್ದು ಕೂತು ಅವನ ಕೈ ಕುಲುಕಿದೆನಂತೆ.

"ನೀವು ಹಂಗ ಗೋಣ ಹಾಕೂದು ನೋಡಿ ನನಗ ಅಳೂನ ಬಂತ್ರಿ," ಎಂದು ಆಮೇಲೆ ಹೇಳಿದಳು ಸುಮಂಗಲಾ. ಧಾರವಾಡದವಳು. "ಇಪ್ಪತ್ತು ವರ್ಷದಾಗ ನಾ ಹೇಳಿದ ಒಂದ ಮಾತಿಗೂ ಹಿಂಗ ಹೂಂ ಅಂದಿಲ್ಲ ನೀವು."

ನನ್ನ ನೆನಪು ಶುರುವಾಗುವುದು ಇಲ್ಲಿಂದ. ಕೈಯಲ್ಲಿ ಜೆಲ್ಲಿಯ ಕಪ್. ಕಿಟಕಿಯಲ್ಲಿ ಇಳಿಬಿಸಿಲು. ಮಂಚದ ಪಕ್ಕ ಒಬ್ಬ ಭಾರೀ ಗಾತ್ರದ ಮನುಷ್ಯ ಎಡಗಾಲು ಬೀಸಿ ತೋರಿಸುತ್ತಿದ್ದಾನೆ: "ನನ್ನ ಎರಡನೇ ಗೋಲು ಹೀಗೆ ಹೋಯ್ತು."

"ಒಂದೇ ಅಂದಿದ್ದೆಯಲ್ಲ," ಎಂದೆ. ಹಿಂದಿನ ಸಲದ ಕಥೆಯಲ್ಲಿ ಅದೊಂದು ಮಾತ್ರ ತಲೆಯಲ್ಲಿ ನಿಂತಿತ್ತು.

ಸಿಯೋನೆ ಬೀಸಿದ ಕಾಲನ್ನು ಕೆಳಗಿಟ್ಟ.

"ಏನಂದ್ರಿ? ಇನ್ನೊಮ್ಮೆ ಅನ್ರಿ," ಎಂದಳು ಸುಮಂಗಲಾ.

"ಎರಡಲ್ಲ. ಆಗಲೇ ಒಂದೇ ಗೋಲು ಹೊಡೆದೆ ಅಂದಿದ್ದ. ಎರಡು ಹೆಂಗಾಗುತ್ತೆ?"

ಸಿಯೋನೆ ಮೊಣಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದು ಗಹಗಹಿಸಿ ನಕ್ಕ. ಸುಮಂಗಲಾ ನನ್ನ ಭುಜಕ್ಕೆ ಗುದ್ದಿ, ಅಲ್ಲೇ ಮುಖ ಒತ್ತಿಕೊಂಡಳು. "ಬಂದ್ರಪಾ, ಜಗಳಗಂಟರು ವಾಪಸ್ ಬಂದ್ರು."

ಮರುದಿನ ಮನೆಗೆ ಕಳಿಸಿದರು. ಇದು ಮರುಕಳಿಸುವುದು ಅಪರೂಪ ಎನ್ನುತ್ತಾರೆ ಡಾಕ್ಟರು. ಆದರೂ ಕೆಲವು ವಾರ ಯಾರದಾದರೂ ಹೆಸರು ನಾಲಿಗೆ ತುದಿಯಲ್ಲಿ ತಡೆದರೆ ಊರಿನ ಹೆಸರು, ತಾರೀಖು ಹೇಳಿಕೊಂಡು ನೋಡುತ್ತಿದ್ದೆ. ಕೆಲಸಕ್ಕೆ ಹೋಗುತ್ತಿದ್ದೇನೆ, ಭಾನುವಾರ ಆಡುತ್ತಿದ್ದೇನೆ. ನೀರು ಕುಡಿಯಲು ಮಾತ್ರ, ಸುರಿದುಕೊಳ್ಳಲು ಅಲ್ಲ. ಇದು ಮನೆಯ ಕಾನೂನು. ಕಳೆದುಹೋದ ಗಂಟೆಗಳು ಇನ್ನು ಬರುವುದಿಲ್ಲ. ಅವು ಇಬ್ಬರ ಹತ್ತಿರ ಭದ್ರವಾಗಿವೆ ಎಂಬುದನ್ನು ನಂಬಲು ಕಲಿಯುತ್ತಿದ್ದೇನೆ. ಅಭ್ಯಾಸವಿಲ್ಲದ ಕೆಲಸ, ನಿಧಾನವಾಗಿ ಸಾಗಿದೆ.

ಸಿಯೋನೆ ಈಗ ಬೇರೆಯೇ ಹೇಳುತ್ತಾನೆ: "ಪರೀಕ್ಷೆಯೂ ಇಲ್ಲ, ಏನೂ ಇಲ್ಲ. ಸೋತು ಸೋತು ಬೇಜಾರಾಗಿತ್ತು ಅಷ್ಟೇ." ಸುಮಂಗಲಾ ಒಪ್ಪುವುದಿಲ್ಲ. ಯಾರು ಸರಿ ಎಂದು ತೀರ್ಮಾನಿಸಲು ನನ್ನ ಬಳಿ ಸಾಕ್ಷ್ಯವಿಲ್ಲ.

ಆದರೆ ಕಳೆದ ವಾರ ಹಳೆಯ ಅಂತರರಾಷ್ಟ್ರೀಯ ಪಂದ್ಯಗಳ ವಿವರ ಇಟ್ಟಿರುವ ವೆಬ್‌ಸೈಟ್ ತೆರೆದು ಹುಡುಕಿದೆ. ಪಂದ್ಯ ಸಿಕ್ಕಿತು. ಸೋತದ್ದು ಹತ್ತು ಗೋಲಿನಿಂದಲ್ಲ, ಅದಕ್ಕೂ ಹೆಚ್ಚು. ಹನ್ನೊಂದು ಜನರಲ್ಲಿ ಅವನ ಹೆಸರಿದೆ. ಟೋಂಗಾದ ಮೂವರನ್ನು ನಡುವೆ ಬದಲಿಸಿದ್ದಾರೆ. ಸಿಯೋನೆ ಕೊನೆಯ ಶಿಳ್ಳೆಯವರೆಗೂ ಮೈದಾನದಲ್ಲೇ ಇದ್ದ.