ಗೋಡೆಯೊಳಗೆ ಹರಿಯುತ್ತಿದ್ದ ನೀರು

ನಮ್ಮ ಮನೆಯ ಪೈಪುಗಳನ್ನೆಲ್ಲ ಬದಲಾಯಿಸಲೇಬೇಕು ಅಂತ ತೀರ್ಮಾನವಾದದ್ದು ನಮ್ಮೆಜಮಾನರ ಬಿಳೀ ಪಂಚೆಯಿಂದ. ನೆನೆಹಾಕಿದ್ದ ಪಂಚೆಯನ್ನು ಬಕೆಟ್ಟಿನಿಂದ ಎತ್ತಿದರೆ ಇಟ್ಟಿಗೆ ಬಣ್ಣ. ನಲ್ಲಿ ತಿರುಗಿಸಿದರೆ ಮೊದಲು ಒಂದು ಕೆಮ್ಮು, ಆಮೇಲೆ ಕೆಂಪು ನೀರು, ಆಮೇಲೆ ಅದಕ್ಕೆ ಮನಸ್ಸು ಬಂದರೆ ಬಿಳೀ ನೀರು. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಹಳೇ ಮನೆ ಕೆಡವದೆ ಉಳಿಸಿಕೊಂಡವರ ಪಾಡೆಲ್ಲ ಇದೇ. ಮಾವನವರು ಹಾಕಿಸಿದ ಕಬ್ಬಿಣದ ಪೈಪು ಗೋಡೆಯೊಳಗೇ ತುಕ್ಕು ಹಿಡಿದು, ಒಳಗಡೆ ಕಿರುಬೆರಳು ತೂರುವಷ್ಟು ಜಾಗ ಉಳಿದಿತ್ತು.

ಪ್ಲಂಬರ್‌ಗಳು ಬಂದು ನೋಡಿದರು. ಒಬ್ಬೊಬ್ಬನದು ಒಂದೊಂದು ಪುರಾಣ. ಒಬ್ಬ ಗೋಡೆಯೆಲ್ಲ ಒಡೀಬೇಕು ಅಂದ. ಇನ್ನೊಬ್ಬ ಹಳೇ ಪೈಪನ್ನ ಅಲ್ಲೇ ಸಾಯೋಕೆ ಬಿಟ್ಟು ಹೊರಗೋಡೆ ಮೇಲೆ ಹೊಸದು ಎಳೀತೀನಿ ಅಂದ. ಕೊನೆಗೆ ಒಪ್ಪಿಸಿದ್ದು ಬ್ಯಾಡರಹಳ್ಳಿಯಿಂದ ಬರುವ ಒಬ್ಬ ಬಾಯಿಬಡುಕನಿಗೆ. ಅರ್ಧ ಹೊರಗೆ, ಅರ್ಧ ಒಳಗೆ ಅಂತ ಅವನ ಲೆಕ್ಕ. ನೀರು ಬರುವ ಒಂದೊಂದು ಜಾಗವೂ ಒಂದು ಪಾಯಿಂಟು, ಪಾಯಿಂಟಿಗೆ ಇಷ್ಟು ಅಂತ ಕೂಲಿ. ಪೈಪು ಬೇರೆ, ಗೋಡೆ ಕೊರೆಯೋದು ಬೇರೆ, ಕೊರೆದದ್ದನ್ನ ಮುಚ್ಚೋ ಗಾರೆಯವನು ಬೇರೆ, ಒಡೆದ ಟೈಲ್ಸು ಬೇರೆ, ಆಮೇಲೆ ಬಣ್ಣ. ಪೈಪಿಗಿಂತ ಪೈಪು ಮುಚ್ಚೋ ಖರ್ಚೇ ಜಾಸ್ತಿ. ನಮ್ಮೆಜಮಾನರು ಪಿಂಚಣಿದಾರರು, ಆ ಚೀಟಿ ನೋಡಿ ಒಂದು ಹೊತ್ತು ಊಟ ಬಿಟ್ಟರು. ನಾನು ಜಪ್ಪಯ್ಯ ಅನ್ನಲಿಲ್ಲ. ದೀಪಾವಳಿಗೆ ಮೊದಲು, ನೀರು ತುಂಬುವ ಹಬ್ಬದ ಸಂಜೆಯೊಳಗೆ ಹೊಸ ನಲ್ಲಿಯಲ್ಲಿ ನೀರು ಬರಬೇಕು ಅಂತ ಪಟ್ಟು ಹಿಡಿದೆ.

ನಿಜ ಹೇಳಬೇಕೆಂದರೆ ನನಗೆ ಕೆಂಪು ನೀರಿನದೇನೂ ಅಷ್ಟು ಚಿಂತೆಯಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಶಬ್ದ ನಿಲ್ಲೋದು.

ನಮ್ಮ ನಡುಮನೆಯ ಮೂಲೆಯಲ್ಲಿ, ಗೋಡೆಯೊಳಗೆ, ದಿನಾ ಬೆಳಿಗ್ಗೆ ನೀರು ಹರಿಯುತ್ತಿತ್ತು. ನಾನು ಡಿಕಾಕ್ಷನ್ ಇಳಿಯೋದನ್ನ ಕಾಯುತ್ತಾ ನಿಂತಿರುವ ಹೊತ್ತು ಅದು. ನಮ್ಮೆಜಮಾನರು ಇನ್ನೂ ಹಾಸಿಗೆಯಲ್ಲಿ. ಮನೆಯಲ್ಲಿ ಒಂದು ನಲ್ಲಿಯೂ ತೆರೆದಿಲ್ಲ. ಗೋಡೆಯೊಳಗೆ ಸುರ್ ಅಂತ ಶುರುವಾಗುತ್ತಿತ್ತು, ಒಂದು ಬಕೆಟ್ಟು ತುಂಬುವಷ್ಟು ಹೊತ್ತು ಹರಿದು, ಟಕ್ ಅಂತ ನಿಲ್ಲುತ್ತಿತ್ತು. ಅಂಗೈ ಇಟ್ಟರೆ ಗೋಡೆ ತಣ್ಣಗೆ ನಡುಗುತ್ತಿತ್ತು. ಅತ್ತೆ ನಮ್ಮ ಜೊತೆಗಿದ್ದಾಗ ಅವರ ಸ್ನಾನದ ಹೊತ್ತೂ ಅದೇ ಆಗಿದ್ದರಿಂದ ನಾನು ತಲೆಕೆಡಿಸಿಕೊಂಡಿರಲಿಲ್ಲ. ಅತ್ತೆ ತೀರಿಕೊಂಡರು. ತಿಥಿ ಮುಗಿದ ಮಾರನೇ ಬೆಳಿಗ್ಗೆ ಅದೇ ಹೊತ್ತಿಗೆ ನೀರು ಹರಿಯಿತು. ಲೋಟ ಕೈಯಲ್ಲಿ ಹಿಡಿದೇ ಬಾತ್‌ರೂಮಿಗೆ ಹೋಗಿ ನೋಡಿದೆ, ನೆಲ ಒಣಗಿತ್ತು.

ಯಾರಿಗೆ ಹೇಳಲಿ. ನಮ್ಮೆಜಮಾನರಿಗೆ ಹೇಳಿದರೆ, ಟ್ಯಾಂಕ್ ಬೇಗ ಖಾಲಿಯಾಗೋದು ನಿನ್ನಿಂದಲೇ, ಅದಕ್ಕೆ ದೆವ್ವದ ಕತೆ ಕಟ್ಟಬೇಡ ಅಂತಿದ್ದರು. ಒಂದೊಂದು ದಿನ ಧೈರ್ಯ ಮಾಡಿ, 'ಅತ್ತೆ, ನೀವಾ?' ಅಂತ ಗೋಡೆಯನ್ನೇ ಕೇಳಿದ್ದೂ ಉಂಟು. ಕೇಳಿದ ಮೇಲೆ ಉತ್ತರ ಬಂದರೆ ಏನು ಗತಿ ಅಂತ ಹೆದರಿಕೆಯಾಗಿ ಅಡುಗೆಮನೆಗೆ ಓಡಿದ್ದೂ ಉಂಟು.

ಆ ಗೋಡೆಯ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗೋದಿಲ್ಲ. ಅದು ಮೊದಲು ಇರಲೇ ಇಲ್ಲ. ಅಲ್ಲಿಂದ ಆಚೆಗೂ ನಮ್ಮ ನಡುಮನೆಯೇ. ನಮ್ಮೆಜಮಾನರ ಅಣ್ಣ, ಅವರ ಹೆಂಡತಿ, ನಾವು, ಎಲ್ಲ ಒಂದೇ ಒಲೆಯಲ್ಲಿ ಉಂಡವರು. ಆ ನನ್ನ ವಾರಗಿತ್ತಿಯನ್ನ ನಾನು ಅಕ್ಕ ಅಂತಿದ್ದೆ, ಬಾಯಿಮಾತಿಗಲ್ಲ. ಮದುವೆಯಾಗಿ ಬಂದ ಮೊದಲ ದೀಪಾವಳಿಗೆ ನನ್ನ ತಲೆಗೆ ಎಣ್ಣೆ ತಟ್ಟಿ ನೀರು ಹಾಕಿದವರು ಅವರು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಬೇಕು. ಅತ್ತೆಯದು ಒಂದು ಕಟ್ಟುನಿಟ್ಟು. ಹಂಡೆ ತುಂಬುವಾಗ ಮನೆಯಲ್ಲಿ ಬೇರೆ ಯಾರೂ ನಲ್ಲಿ ತಿರುಗಿಸಕೂಡದು. ಒಂದೇ ಟ್ಯಾಂಕಿನ ನೀರು, ಒಂದು ಕಡೆ ತೆರೆದರೆ ಇನ್ನೊಂದು ಕಡೆ ಧಾರೆ ಸಣ್ಣಗಾಗುತ್ತಿತ್ತು. ಹಬ್ಬದ ಹಂಡೆಗೆ ಧಾರೆ ಸಣ್ಣಗಾಗಬಾರದು. ಗಂಡಸರು ಕೈಗೆ ಸೋಪು ಹಚ್ಚಿಕೊಂಡಿದ್ದರೂ ಹಾಗೇ ನಿಂತು ಕಾಯುತ್ತಿದ್ದರು.

ಮಾವನವರು ಹೋದ ಮೇಲೆ ಪಾಲಾಯಿತು. ಜಗಳವಾದದ್ದು ಮುಂಬಾಗಿಲಿಗೆ. ಅದು ಕಿರಿಯರ ಪಾಲಿಗೆ ಹೋಗೋದೇನು ಅಂತ ಅಕ್ಕನಿಗೆ ಉರಿ. ಹಂಡೆಯನ್ನು ಒಲೆಗೆ ಸೇರಿಸಿ ಗಾರೆ ಕಟ್ಟಿದ್ದರಿಂದ ಅದು ಬಚ್ಚಲುಮನೆಯ ಸಮೇತ ಅವರ ಪಾಲಿಗೆ ಹೋಯಿತು, ನನಗೆ ಅದರ ಉರಿ. ಬಾಯಿಗೆ ಬಂದದ್ದೆಲ್ಲ ಇಬ್ಬರೂ ಆಡಿದೆವು. ನಡುಮನೆಗೆ ಅಡ್ಡಲಾಗಿ ಮೊದಲ ಸಾಲು ಇಟ್ಟಿಗೆ ಇಡುತ್ತಿದ್ದಾಗ ಅಕ್ಕ ಭಾವನ ತಲೆ ಮೇಲೆ ಕೈಯಿಟ್ಟು, "ಇನ್ಮೇಲೆ ನಾನು ಈ ಮನೆ ನೀರು ಮುಟ್ಟಿದ್ರೆ ಇವರಾಣೆ" ಅಂದರು.

ಭಾವ ನಕ್ಕರು. "ನಿಂಗೆ ಆಣೆ ಇಡೋಕೆ ನನ್ನ ತಲೆನೇ ಸಿಕ್ತಾ" ಅಂದರು. ಗಾರೆಯವನೂ ನಕ್ಕ.

ವರ್ಷ ತುಂಬುವುದರೊಳಗೆ ಭಾವ ಹೋದರು. ಬೆಳಿಗ್ಗೆ ಸ್ನಾನ ಮಾಡಿ ಬಂದವರು, ಹೆಗಲ ಮೇಲೆ ಒದ್ದೆ ಟವೆಲ್ ಇದ್ದ ಹಾಗೇ ಕುಸಿದರಂತೆ. ಗೋಡೆಯಾಚೆಯಿಂದ ಅಕ್ಕ ಕೂಗಿದ್ದು ನಮಗೇ ಮೊದಲು ಕೇಳಿಸಿತು. ಓಡಿದೆವು. ಎಲ್ಲ ಮುಗಿಯುವವರೆಗೂ ಅಲ್ಲೇ ಇದ್ದೆ, ಅಕ್ಕ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ಬೇರೆ ನೀರಿನ ಕನೆಕ್ಷನ್ನು, ಬೇರೆ ಟ್ಯಾಂಕು, ಪಕ್ಕದ ರಸ್ತೆಗೆ ಬೇರೆ ಬಾಗಿಲು. ಮಧ್ಯದ ಪೈಪುಗಳನ್ನೆಲ್ಲ ಕತ್ತರಿಸಿ ಮುಚ್ಚಿದೀನಿ ಅಂತ ಆಗಿನ ಪ್ಲಂಬರ್ ಹೇಳಿದ್ದ. ತರಕಾರಿ ಗಾಡಿಯ ಹತ್ತಿರ ಎದುರಾದರೆ ಅಕ್ಕ ಸೊಪ್ಪು ನೋಡುತ್ತಿದ್ದರು, ನಾನು ಬದನೆಕಾಯಿ ನೋಡುತ್ತಿದ್ದೆ. ಹಾಗೇ ವರ್ಷಗಳು ಹೋದವು.

ಹಬ್ಬ ಹತ್ತಿರ ಬಂದಾಗ ಮನೆಯಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ಕೊರೆಯುವ ಮೆಷಿನ್ನಿನ ಧೂಳು ಉಪ್ಪಿನ ಡಬ್ಬಿಯೊಳಗೂ ಕೂತಿತ್ತು. ಗೋಡೆಯಿಂದ ಕಿತ್ತ ಹಳೇ ಪೈಪುಗಳು ಅಂಗಳದಲ್ಲಿ ರಾಶಿ ಬಿದ್ದಿದ್ದವು. ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನಕ್ಕೆ ಹೊಸ ಪೈಪಿನ ಕೆಲಸವೆಲ್ಲ ಮುಗಿದಿತ್ತು. ಹಳೇ ಲೈನಿನಲ್ಲಿ ಉಳಿದದ್ದು ಟ್ಯಾಂಕಿನಿಂದ ಇಳಿಯುವ ಒಂದೇ ಪೈಪು. ನಮ್ಮೆಜಮಾನರು ಧೂಳು ತಾಳಲಾರದೆ ವಿಜಯನಗರದ ಸ್ನೇಹಿತರ ಮನೆಗೆ ಹೋಗಿದ್ದರು. ಪ್ಲಂಬರ್ ಟ್ಯಾಂಕ್ ಖಾಲಿ ಮಾಡಿ, ನಡುಮನೆಯ ಮೂಲೆಯಲ್ಲಿ, ಪಾಲಿನ ಗೋಡೆ ಕಟ್ಟುವಾಗ ಗಾರೆಯೊಳಗೆ ಸೇರಿಹೋಗಿದ್ದ ಆ ಪೈಪನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ. ಕೆಳಗಿನ ಮೋಟು ನೆಲದೊಳಕ್ಕೆ ಇಳಿದಿತ್ತು. ಅವನು ನೆಲ ಕುಟ್ಟಿ ನೋಡಿದ, ಎರಡು ಟೈಲ್ಸು ಎಬ್ಬಿಸಿದ, ಬಗ್ಗಿ ಟಾರ್ಚು ಬಿಟ್ಟ.

"ಆಂಟಿ, ಇದು ನಿಮ್ಮ ಯಾವ ಪಾಯಿಂಟಿಗೂ ಹೋಗ್ತಿಲ್ಲ. ಗೋಡೆ ಕೆಳಗೆ ತೂರಿ ಆಕಡೆ ಮನೆಗೆ ಹೋಗುತ್ತೆ."

"ಆಕಡೆ ಎಲ್ಲಿಗೆ?"

"ನೇರ ಹೋದ್ರೆ ಏನಿದೆ ಅಲ್ಲಿ?"

ನೇರ ಹೋದರೆ, ನಡುಮನೆಗಿಂತ ನಾಲ್ಕು ಮೆಟ್ಟಿಲು ತಗ್ಗಿನಲ್ಲಿ, ಬಚ್ಚಲುಮನೆ. ಹಂಡೆಯ ಮೇಲಿನ ನಲ್ಲಿ.

ನಾನು ಅಲ್ಲೇ ಇದ್ದ ಸಿಮೆಂಟ್ ಮೂಟೆಯ ಮೇಲೆ ಕೂತುಬಿಟ್ಟೆ. ದಿನಾ ಬೆಳಿಗ್ಗೆ ಗೋಡೆಯೊಳಗೆ ಹರಿದದ್ದು ಅತ್ತೆಯ ದೆವ್ವವಲ್ಲ, ಅಕ್ಕನ ಸ್ನಾನದ ನೀರು. ನಮ್ಮ ಟ್ಯಾಂಕಿನ ನೀರು. ಭಾವನ ತಲೆ ಮುಟ್ಟಿ ಆಣೆ ಇಟ್ಟ ಸಂಜೆಯಿಂದಲೇ ಅಕ್ಕ ಗೊತ್ತಿಲ್ಲದೆ ಅದನ್ನ ಮುಟ್ಟುತ್ತಾ ಬಂದಿದ್ದಾರೆ. ಭಾವ ಕೊನೆಯ ದಿನ ಮೈಮೇಲೆ ಸುರಿದುಕೊಂಡದ್ದೂ ಅದೇ. ಆಣೆ ಗೀಣೆ ನಾನು ನಂಬುವವಳಲ್ಲ ಅಂತ ಅಂದುಕೊಂಡಿದ್ದೆ. ಅವತ್ತು ನಡುಹಗಲಲ್ಲಿ ನಂಬಿದೆ.

"ಡಮ್ಮಿ ಹಾಕ್ಬಿಡ್ಲಾ ಆಂಟಿ? ಇಲ್ಲೇ ಬಾಯಿ ಮುಚ್ಚಿದ್ರೆ ಆಯ್ತು" ಅಂದ ಪ್ಲಂಬರ್. "ಇಲ್ಲಾಂದ್ರೆ ನಿಮ್ಮ ನೀರು ಸುಮ್ನೆ ಅವರ ಮನೆಗೆ ಹೋಗ್ತಾನೇ ಇರುತ್ತೆ."

ಮುಚ್ಚಿದರೆ ಇವತ್ತು ಸಂಜೆ ಹಂಡೆಗೆ ನೀರಿಲ್ಲ. ಅಕ್ಕ ಯಾರನ್ನೋ ಕರೆಸುತ್ತಾರೆ. ಅವನು ಇವನ ಹಾಗೇ ನೆಲ ಕುಟ್ಟಿ, 'ಇಷ್ಟು ವರ್ಷ ಬಂದಿದ್ದು ಪಕ್ಕದ ಮನೆ ನೀರು' ಅಂತಾನೆ. ಆಮೇಲೆ ಆ ಜೀವ ಬದುಕುತ್ತದೆಯೇ. ತನ್ನ ಗಂಡನನ್ನ ತಾನೇ ತಿಂದೆ ಅಂತ ಕೊರಗಿ ಸಾಯುತ್ತದೆ. ಹಾಗೇ ಜೋಡಿಸಿ ಸುಮ್ಮನಾದರೆ, ಎಲ್ಲ ಗೊತ್ತಿದ್ದೂ ದಿನಾ ಬೆಳಿಗ್ಗೆ ನಾನೇ ಆ ಆಣೆ ಮುರಿಸಿದ ಹಾಗೆ. ಅಂಗಡಿಯಿಂದ ಡಮ್ಮಿಯನ್ನೂ ತಗೊಂಡು ಬಾ, ಜೋಡಿಸೋ ಸಾಮಾನನ್ನೂ ತಗೊಂಡು ಬಾ, ಅಷ್ಟರಲ್ಲಿ ಹೇಳ್ತೀನಿ ಅಂತ ಅವನನ್ನ ಓಡಿಸಿದೆ.

ಮನೆಯಲ್ಲಿ ನಾನೊಬ್ಬಳೇ. ಮೆಷಿನ್ನು ನಿಂತಿದ್ದರಿಂದ ಕಿವಿಯಲ್ಲಿ ಗುಂಯ್ ಅನ್ನುವ ಮೌನ. ನೆಲದಿಂದ ಎದ್ದ ಮೋಟು ಪೈಪಿನ ಬಾಯಿಂದ ತುಕ್ಕಿನ ವಾಸನೆ ಬರುತ್ತಿತ್ತು. ಧೂಳು ಬೀಳದಿರಲಿ ಅಂತ ಅಂಗೈಯನ್ನು ಅದರ ಮೇಲೆ ಇಟ್ಟೆ.

ಪೈಪು ನನ್ನ ಕೈಯನ್ನು ಒಳಕ್ಕೆ ಎಳೆದುಕೊಂಡಿತು.

ಸುಳ್ಳಲ್ಲ. ಮಗು ಬೆರಳು ಚೀಪುವ ಹಾಗೆ ಅಂಗೈ ನಡುವಿನ ಚರ್ಮವನ್ನ ಹಿಡಿದೆಳೆಯಿತು. ಬಿಡಿಸಿಕೊಂಡಾಗ ಉಸಿರೆಳೆದುಕೊಂಡ ಹಾಗೆ ಸದ್ದಾಯಿತು, ಆಳದಲ್ಲಿ ಗಳಗಳ ಅಂದು ನೀರು ದೂರ ಸರಿಯಿತು. ಆಚೆ ಯಾರೋ ನಲ್ಲಿ ತೆರೆದಿದ್ದಾರೆ ಅಂತ ಬುದ್ಧಿಗೆ ಹೊಳೆಯುವಷ್ಟರಲ್ಲಿ ಅಂಗೈಯನ್ನು ಸೆರಗಿಗೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದೆ. ನೀರೆಲ್ಲ ಇಳಿದ ಮೇಲೆ ಪೈಪು ಖಾಲಿಯಾಯಿತು. ಖಾಲಿಯಾದ ಮೇಲೆ ಅದರೊಳಗಿಂದ ಸದ್ದು ಬರತೊಡಗಿತು. ತಾಮ್ರಕ್ಕೆ ಬಳೆ ತಗುಲಿದ್ದು. ಚೊಂಬು ಕೆಳಗಿಟ್ಟದ್ದು. ಯಾರೋ ಉಸಿರಾಡುತ್ತಿದ್ದದ್ದು, ಬಹಳ ಹತ್ತಿರದಲ್ಲಿ.

ಆಮೇಲೆ ಧ್ವನಿ. ನೆಲದೊಳಗಿಂದ, ತೆಳ್ಳಗೆ, ಮುದಿಯಾದ ಧ್ವನಿ.

"ಮುಚ್ಚಿಸ್ಬಿಟ್ಯೇನೇ?"

ಮಂಡಿಯೂರಿ ಪೈಪಿನ ಬಾಯಿಗೆ ಬಾಯಿ ಹಚ್ಚಿ, "ಅಕ್ಕಾ" ಅಂದೆ. ಇಷ್ಟು ವರ್ಷಗಳ ಮೇಲೆ ಆ ಮಾತು ಹೊರಟಾಗ ನನ್ನ ಗಂಟಲೇ ನನಗೆ ಗುರುತಾಗಲಿಲ್ಲ.

ಆಚೆ ಚೊಂಬು ಉರುಳಿದ ಸದ್ದಾಯಿತು. ಅವರಿಗೂ ಉತ್ತರ ಬಂದೀತು ಅನ್ನುವ ನಿರೀಕ್ಷೆ ಇರಲಿಲ್ಲವೇನೋ.

"ಅಕ್ಕ, ನಿಮಗೆ ಗೊತ್ತಿತ್ತಾ?"

"ನಿಮ್ಮ ಭಾವ ತೀರಿಕೊಂಡ ವರ್ಷ, ದೀಪಾವಳಿಗೆ ನಿಮ್ಮನೆ ಟ್ಯಾಂಕ್ ತೊಳೆಸ್ತಿದ್ರಿ. ಮೇಲೆ ಪೊರಕೆ ಸದ್ದು ಕೇಳಿಸ್ತಿತ್ತು. ಇಲ್ಲಿ ಈ ನಲ್ಲಿ ನಿಂತೋಯ್ತು. ಅವತ್ತು ಗೊತ್ತಾಯ್ತು."

"ಗೊತ್ತಾದ್ಮೇಲೂ..."

"ಗೊತ್ತಾದ್ಮೇಲೆ ಒಂದು ತಿಂಗಳು ಬಚ್ಚಲಿಗೇ ಕಾಲಿಡ್ಲಿಲ್ಲ ಕಣೇ. ಆಮೇಲೆ ಅಂದ್ಕೊಂಡೆ, ಆಣೆಗೆ ಬೇಕಾಗಿದ್ದನ್ನ ಅದು ತಗೊಂಡೋಯ್ತು. ಇನ್ನು ತಗೊಳ್ಳೋಕೆ ನನ್ನ ಹತ್ರ ಏನಿದೆ ಅಂತ." ಚೊಂಬು ಅತ್ತಿತ್ತ ಸರಿದ ಸದ್ದು. "ಬೆಳಿಗ್ಗೆ ಹಂಡೆ ತುಂಬುವಾಗ ಒಂದೊಂದ್ಸಲ ಧಾರೆ ಸಣ್ಣಗಾಗೋದು. ನೀನು ಎದ್ದು ಪಾತ್ರೆ ತೊಳೀತಿದೀಯ ಅಂತ ಗೊತ್ತಾಗೋದು. ನಿಂಗೆ ಜ್ವರ ಬಂದಾಗ ಮೂರ್ನಾಲ್ಕು ದಿನ ಸಣ್ಣಗಾಗ್ಲೇ ಇಲ್ಲ."

ನಾನು ಗೋಡೆ ಮೇಲೆ ಕೈಯಿಟ್ಟು ಹೆದರುತ್ತಿದ್ದ ಹೊತ್ತಿನಲ್ಲಿ ಆಚೆ ಇವರು ಧಾರೆ ನೋಡುತ್ತಾ ನಿಂತಿರುತ್ತಿದ್ದರು. ಅಳು ಒತ್ತರಿಸಿಕೊಂಡು ಬಂತು. ಪೈಪಿನೊಳಗೆ ಅತ್ತರೆ ಅಲ್ಲಿಗೆ ಎಷ್ಟು ದೊಡ್ಡದಾಗಿ ಕೇಳಿಸುತ್ತೋ ಅಂತ ಸೆರಗು ಕಚ್ಚಿಕೊಂಡೆ.

"ಒಂದು ಕೇಳ್ತೀನಿ, ನಿಜ ಹೇಳು" ಅಂದರು ಅಕ್ಕ. "ಅವತ್ತು ನಾನು ಹಂಗಂದಾಗ ನೀನೂ ಏನಾದ್ರೂ ಅಂದಿದ್ಯಾ? ಮನಸ್ನಲ್ಲಾದ್ರೂ? ನನಗೆ ನೀರು ಕೊಡಲ್ಲ ಅಂತ, ನಿನ್ನ ಗಂಡನ ಮೇಲೋ ಯಾರ ಮೇಲೋ ಆಣೆ ಗೀಣೆ ಇಟ್ಟಿದ್ಯಾ?"

"ಇಲ್ಲಕ್ಕ. ಯಾವ ಆಣೆನೂ ಇಟ್ಟಿಲ್ಲ."

"ಸರಿಯಾಗಿ ನೆನಪು ಮಾಡ್ಕೊ."

"ಇಲ್ಲಕ್ಕ."

ಪೈಪಿನೊಳಗೆ ಒಂದು ದೊಡ್ಡ ಉಸಿರು ಹಾದುಹೋಯಿತು.

"ಹಂಗಾದ್ರೆ ಬಿಡು ನೀರು" ಅಂದರು.

ಪ್ಲಂಬರ್ ಬಂದಾಗ ಜೋಡಿಸು ಅಂದೆ. ಅವನು ನನ್ನ ಮುಖ ನೋಡಿ ಡಮ್ಮಿಯನ್ನು ಜೇಬಿಗೆ ಹಾಕಿಕೊಂಡ. ಹೊಸ ಪೈಪಿನಿಂದ ಒಂದು ಕವಲು ತೆಗೆದು ಹಳೇ ಮೋಟಿಗೆ ಸೇರಿಸಿದ. ಗಮ್ಮು ಒಣಗಿದ ಮೇಲೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿದೆವು. ಅವನು ಕೂಲಿ ತಗೊಂಡು, ಇದೊಂದು ಪಾಯಿಂಟು ಲೆಕ್ಕಕ್ಕೆ ಬೇಡ ಬಿಡಿ ಆಂಟಿ ಅಂತ ಹೊರಟ.

ದೀಪ ಹಚ್ಚುವ ಹೊತ್ತಿಗೆ ನಮ್ಮೆಜಮಾನರು ಬಂದು ಬಾತ್‌ರೂಮಿನಲ್ಲಿ ಹೊಸ ನಲ್ಲಿಗೆ ಕಾಲೊಡ್ಡಿ ನಿಂತಿದ್ದರು. ಅದೇ ಹೊತ್ತಿಗೆ ಗೋಡೆಯೊಳಗೆ ಸುರ್ ಅಂತ ಶುರುವಾಯಿತು.

"ಇಷ್ಟು ದುಡ್ಡು ಸುರಿದ್ರೂ ಆ ಶಬ್ದ ಹೋಗ್ಲಿಲ್ವಲ್ಲೇ" ಅಂದರು. "ಏನದು, ಲೀಕಾ?"

"ಅಲ್ಲ ರೀ" ಅಂದೆ. "ಅಕ್ಕ ಹಂಡೆ ತುಂಬಿಸ್ತಿದಾರೆ."

ಅವರು ನನ್ನನ್ನ ನೋಡಿದರು, ಗೋಡೆ ನೋಡಿದರು. ಒಂದು ಕಾಲು ತೊಳೆದಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಬಗ್ಗಿ ನಲ್ಲಿ ನಿಲ್ಲಿಸಿ, ಆಚೆಯ ಹಂಡೆ ತುಂಬುವವರೆಗೂ ಹಾಗೇ ಕಾದು ನಿಂತರು.